ಚಳಿಗೆ ಏಳದ ಗಾಡಿ

ನಮ್ಮ ದಾವಣಗೆರೆ ಕಡೆಯವರಿಗೆ ಚಳಿಗಾಲ ಎಂದರೆ ಒಂದು ಸ್ವೆಟರ್, ಒಂದು ಲೋಟ ಬಿಸಿ ಕಾಫಿ, ಅಷ್ಟೇ. ಚಳಿಗೆ ಮನುಷ್ಯರು ತಡವಾಗಿ ಏಳುವುದುಂಟು. ಗಾಡಿಯೂ ಏಳಲಾರದು ಎಂಬುದು ನನಗೆ ಗೊತ್ತಾದದ್ದು ಬ್ಯಾಂಕಿನವರು ದೆಹಲಿಗೆ ವರ್ಗ ಮಾಡಿದ ಮೇಲೆ. ಅಲ್ಲಿ ಜನವರಿಯ ಬೆಳಗಿನ ಜಾವ ಉಷ್ಣಾಂಶ 3-4 ಡಿಗ್ರಿಗೆ ಇಳಿಯುವುದು ವಿಶೇಷವೇನಲ್ಲ. ನನ್ನದು 1998ರ ಡೀಸೆಲ್ ಗಾಡಿ.

ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸಲು ಸ್ಪಾರ್ಕ್ ಪ್ಲಗ್ ಇರುತ್ತದೆ. ಡೀಸೆಲ್ಲಿಗೆ ಅದಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಅದೇ ಲೆಕ್ಕ. ಸಿಲಿಂಡರಿನ ಗಾಳಿಯನ್ನು ಸುಮಾರು 20 ಪಾಲಿನಿಂದ ಒಂದು ಪಾಲಿಗೆ ಒತ್ತಿದರೆ ಅದು ಕೆಂಡದಂತೆ ಕಾಯುತ್ತದೆ. ಅದರೊಳಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಆದರೆ ಎಂಜಿನ್ನಿನ ಕಬ್ಬಿಣವೇ ತಣ್ಣಗೆ ಕೊರೆಯುತ್ತಿದ್ದರೆ ಆ ಕಾವನ್ನೆಲ್ಲ ಅದೇ ಹೀರಿಬಿಡುತ್ತದೆ. ಅದಕ್ಕಾಗಿ ಸಿಲಿಂಡರಿಗೊಂದರಂತೆ ಹೀಟರ್ ಪ್ಲಗ್ ಇಟ್ಟಿರುತ್ತಾರೆ. ಕೀ ತಿರುಗಿಸಿದಾಗ ಮುಂದಿನ ಫಲಕದಲ್ಲಿ ಸುರುಳಿಯಾಕಾರದ ಹಳದಿ ದೀಪ ಹತ್ತಿ, ಸ್ವಲ್ಪ ಹೊತ್ತಿಗೆ ಆರುತ್ತದೆ. ಆರಿದ ಮೇಲೆ ಸ್ಟಾರ್ಟ್ ಮಾಡಬೇಕು.

2003ರ ಜನವರಿ. ಉತ್ತರ ಭಾರತಕ್ಕೆಲ್ಲ ಶೀತಗಾಳಿ ಹೊಡೆದಿದ್ದ ಕಾಲ. ಒಂದು ರಾತ್ರಿ ಊರಿಂದ ತಮ್ಮನ ಫೋನ್ ಬಂತು. "ಅಪ್ಪಂಗೆ ಉಸಿರಾಟದ ತೊಂದ್ರೆ ಆಗೇತಿ, ಆಸ್ಪತ್ರೆಗೆ ಸೇರ್ಸೀವಿ. ನೀ ಹೊರಟು ಬಾ ಅಣ್ಣಾ." ಬೆಳಗಿನ ಮೊದಲ ವಿಮಾನಕ್ಕೆ ಹೇಗೋ ಟಿಕೆಟ್ ಆಯಿತು. ನಾಲ್ಕು ಗಂಟೆಗೆ ಗಾಡಿ ತೆಗೆಯಲು ಹೋದರೆ ಅದು ಗೊರ ಗೊರ ಎನ್ನುತ್ತದೆಯೇ ಹೊರತು ಹಿಡಿಯುವುದಿಲ್ಲ. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಫೋನ್ ಎತ್ತುವವರಿಲ್ಲ. ರಸ್ತೆಯಲ್ಲಿ ಮಂಜು ಬಿಟ್ಟರೆ ಏನೂ ಕಾಣದು.

ಪಕ್ಕದ ಗಲ್ಲಿಯಲ್ಲಿ ಒಬ್ಬ ವಯಸ್ಸಾದ ಸರ್ದಾರ್ಜಿ ಮೆಕ್ಯಾನಿಕ್ ಇದ್ದರು, ಅಂಗಡಿಯ ಮೇಲೇ ಮನೆ. ಬಾಗಿಲು ತಟ್ಟಿದೆ. ಕಂಬಳಿ ಹೊದ್ದೇ ಬಂದರು.

ಬಾನೆಟ್ ಎತ್ತಲೇ ಇಲ್ಲ. "ಮೊದಲು ಕೀ ತಿರುಗಿಸಿ, ಕೇಳೋಣ" ಎಂದರು. ಎಂಜಿನ್ ಚುರುಕಾಗಿಯೇ ಸುತ್ತುತ್ತಿತ್ತು. ನಿಧಾನಕ್ಕೆ ಎಳೆದು ಎಳೆದು ಸುತ್ತಿದ್ದರೆ ಬ್ಯಾಟರಿ, ಅದರ ಟರ್ಮಿನಲ್ಲು, ಸ್ಟಾರ್ಟರ್ ಮೋಟಾರು, ಇಲ್ಲವೇ ಚಳಿಗೆ ಗಟ್ಟಿಯಾದ ಆಯಿಲ್ ಮೇಲೆ ಅನುಮಾನ. ಅದು ಬಿಟ್ಟಿತು. ಆಮೇಲೆ ಹಿಂದೆ ಹೋಗಿ ಸೈಲೆನ್ಸರಿಗೆ ಟಾರ್ಚ್ ಹಿಡಿದರು. ಬಿಳಿ ಹೊಗೆ ಬರುತ್ತಿತ್ತು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಬರುತ್ತಿಲ್ಲ ಎಂದರ್ಥ: ಫಿಲ್ಟರ್ ಕಟ್ಟಿರಬೇಕು, ಇಲ್ಲವೇ ಪೈಪಿನಲ್ಲಿ ಗಾಳಿ ಸೇರಿ ರಾತ್ರಿಯೆಲ್ಲ ಡೀಸೆಲ್ ಹಿಂದಕ್ಕೆ ಇಳಿದಿರಬೇಕು. ಬಿಳಿ ಹೊಗೆ ಬಂದರೆ ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ.

ನಾನು ಎಂ.ಕಾಂ. ಓದಿದವನು, ಎಂಜಿನ್ ವಿದ್ಯೆ ಬಾರದು. ಆದರೆ ಇದು ನನ್ನದೇ ಭಾಷೆ ಅನ್ನಿಸಿತು. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ನಾವು ಲೆಡ್ಜರನ್ನೆಲ್ಲ ಕಿತ್ತು ಹರಡುವುದಿಲ್ಲ. ಸರಿ ಇರುವುದಕ್ಕೆ ಒಂದೊಂದಾಗಿ ಟಿಕ್ ಹಾಕುತ್ತ ಹೋಗುತ್ತೇವೆ, ಉಳಿದದ್ದರಲ್ಲಿ ವ್ಯತ್ಯಾಸ ಸಿಗುತ್ತದೆ.

ಈಗ ಬಾನೆಟ್ ಎತ್ತಿದರು. ನಾಲ್ಕು ಹೀಟರ್ ಪ್ಲಗ್ಗುಗಳನ್ನು ಜೋಡಿಸಿದ್ದ ಪಟ್ಟಿ ಬಿಚ್ಚಿ, ಬ್ಯಾಟರಿಯಿಂದ ಬಲ್ಬಿನ ವೈರ್ ಎಳೆದು ಒಂದೊಂದಕ್ಕೂ ತಾಗಿಸಿದರು. ಎರಡಕ್ಕೆ ಬಲ್ಬು ಹತ್ತಿತು, ಎರಡಕ್ಕೆ ಇಲ್ಲ. ಸುಟ್ಟುಹೋಗಿದ್ದವು. ಸೆಕೆಗಾಲದಲ್ಲಿ ಅವುಗಳ ನೆರವಿಲ್ಲದೆಯೇ ಗಾಡಿ ಎದ್ದುಬಿಡುವುದರಿಂದ ಕೆಟ್ಟಿದ್ದು ತಿಳಿಯುವುದೇ ಇಲ್ಲ.

ಆ ಹೊತ್ತಿನಲ್ಲಿ ಹೊಸ ಪ್ಲಗ್ ಎಲ್ಲಿಂದ ತರುವುದು? ಪಟ್ಟಿ ಮತ್ತೆ ಬಿಗಿದು, ನನ್ನ ಹೆಂಡತಿಯಿಂದ ಬಿಸಿನೀರು ತರಿಸಿ, ಬಟ್ಟೆ ಅದ್ದಿ ಹಿಂಡಿ ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಗೆ ಸುತ್ತಿದರು. ಹಳದಿ ದೀಪ ಮೂರು ಸಲ ಹತ್ತಿಸಿ ಆರಿಸಲು ಹೇಳಿದರು. ನಾಲ್ಕನೆಯ ಸಲಕ್ಕೆ ಎರಡು ಸಿಲಿಂಡರ್ ಹಿಡಿದವು, ಗಾಡಿ ಗಡಗಡ ನಡುಗಿತು, ಆಮೇಲೆ ಉಳಿದೆರಡೂ ಸೇರಿಕೊಂಡವು. ಜೇಬಿಗೆ ಕೈ ಹಾಕಿದರೆ, "ಮೊದಲು ಪಿತಾಜಿಯವರನ್ನು ನೋಡಿ ಬನ್ನಿ. ಪ್ಲಗ್ ಆಮೇಲೆ ಹಾಕೋಣ" ಎಂದರು.

ಮಂಜಿಗೆ ವಿಮಾನ ತಡವಾದರೂ ಅಂದೇ ರಾತ್ರಿ ಊರು ಸೇರಿದೆ. ಅಪ್ಪನಿಗೆ ಗುರುತು ಸಿಕ್ಕಿತು. "ಬಂದ್ಯೇನಪ್ಪಾ, ಅಲ್ಲಿ ಚಳಿ ಬಾಳ ಐತಂತಲ್ಲ" ಅಂದರು. ಮರುದಿನ ಮಾತು ನಿಂತಿತು, ನಾಲ್ಕನೆಯ ದಿನ ಹೋದರು.

ಕಾರ್ಯ ಮುಗಿಸಿ ದೆಹಲಿಗೆ ಮರಳಿದಾಗ ನನ್ನ ಬೋಳುತಲೆ ನೋಡಿ ಸರ್ದಾರ್ಜಿ ಏನೂ ಕೇಳಲಿಲ್ಲ. ಸ್ಟೂಲ್ ಸರಿಸಿ ಕೂರಿಸಿ, ಚಹಾ ತರಿಸಿ, ಪ್ಲಗ್ ಬದಲಿಸಲು ಶುರುಮಾಡಿದರು. ಎರಡು ಪ್ಲಗ್ಗಿನ ದುಡ್ಡು ಮಾತ್ರ ತೆಗೆದುಕೊಂಡರು.

10 ವರ್ಷ ದಾಟಿದ ಡೀಸೆಲ್ ಗಾಡಿಗಳು ದೆಹಲಿಯಲ್ಲಿ ಓಡಬಾರದೆಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶ ಮಾಡಿದಾಗ ಅದನ್ನು ಹೊರರಾಜ್ಯದವರೊಬ್ಬರಿಗೆ ಮಾರಿದೆ. ಕಾಗದಪತ್ರ ಕೊಡುವಾಗ ಅವರಿಗೆ ಹೇಳಿದೆ: "ಚಳಿಗೆ ಏಳದಿದ್ರೆ ಸುಮ್ನೆ ಬ್ಯಾಟರಿ ಇಳಿಸ್ಬೇಡಿ. ಮೊದಲು ಸದ್ದು ಕೇಳಿ, ಆಮೇಲೆ ಹೊಗೆ ನೋಡಿ."