ಅರುಳಪ್ಪನ ಮಠದಾಗ ಒಂದು ಹೊತ್ತು

ಬೈಲಹೊಂಗಲ ಸ್ಟ್ಯಾಂಡಿನಲ್ಲಿ ಕೆಂಪು ಬಸ್ಸು ಹತ್ತಿ ದೇಶನೂರಿಗೆ ಟಿಕೆಟ್ ಕೇಳಿ, ಮಠಕ್ಕೆ ಹೋಗುವುದಿದೆ ಅನ್ನಿ. ಪಕ್ಕದಲ್ಲಿ ಕುಳಿತ ಅಜ್ಜ ಟೋಪಿ ಸರಿ ಮಾಡಿಕೊಂಡು ನಿಮ್ಮ ಕಡೆ ಹೊರಳುತ್ತಾನೆ.

"ಯಾವ ಮಠಕ್ಕ್ರಿ? ಅರುಳಪ್ಪನ ಮಠಕ್ಕೇನು?"

ಹೌದು ಅಂದರೆ ಮುಂದೆ ಪ್ರಶ್ನೆಯಿಲ್ಲ. ಬಸ್ಸಿನ ಎರಡೂ ಬದಿಗೆ ಎರಿಹೊಲ. ಜೂನ್ ತಿಂಗಳು. ಮಳೆ ಒಮ್ಮೆ ಬಂದು ಹೋಗಿದೆ, ಇನ್ನೊಮ್ಮೆ ಬರುವ ಮನಸ್ಸು ಮಾಡಿಲ್ಲ. ಇಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಕರಿಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಸೇರು ತೂಕ ಆಗಿರುತ್ತದೆ.

ಚಪ್ಪಲಿ ಹೊರಗೇ ಬಿಡಬೇಕು. ಒಳಗೆ ನೆಲದ ಮೇಲೆ ಕುಳಿತುಕೊಳ್ಳಬೇಕು. ಕಾಲಡಿಯ ತಂಪು ಮೊದಲು ಗೊತ್ತಾಗುತ್ತದೆ, ಕಾವಿ ಉಟ್ಟ ಸ್ವಾಮಿಗಳು ಆಮೇಲೆ ಕಾಣುತ್ತಾರೆ. ಲಿಂಗಾಯತ ಮಠಗಳ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಶಿಲುಬೆಯ ಮೇಲೆ ಕಣ್ಣು ಬಿದ್ದಾಗಲೇ ಒಂದು ಗಳಿಗೆ ತಡವರಿಸುತ್ತೀರಿ. ಇದು ಸ್ನಾನಿಕ ಅರುಳಪ್ಪನವರ ವಿರಕ್ತ ಮಠ. ಯೇಸುಸಭೆಯ ಗುರುಗಳು, ಅಂದರೆ ಜೆಸ್ವಿಟರು, ಕಟ್ಟಿದ ಕ್ಯಾಥೋಲಿಕ್ ದೇವಾಲಯ.

ಈ ಅರುಳಪ್ಪ ಯಾರು? ಯೊರ್ದಾನ್ ಹೊಳೆಯಲ್ಲಿ ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಯೋಹಾನ. ಕನ್ನಡ ಕ್ಯಾಥೋಲಿಕರ ಬಾಯಲ್ಲಿ ಅರುಳಪ್ಪ ಆದ. ಘಟ್ಟ ಇಳಿದು ಗೋವೆಗೆ ಹೋದರೆ ಇದೇ ಸಂತ ಸಾಂವ್ ಜುವಾಂವ್. ಜೂನ್ 24ಕ್ಕೆ ಅಲ್ಲಿ ಹುಡುಗರು ತಲೆಗೆ ಹೂವಿನ ಕಿರೀಟ ಕಟ್ಟಿಕೊಂಡು ಬಾವಿಗೆ ಧುಮುಕುತ್ತಾರೆ. ಸಂತ ಒಬ್ಬನೇ, ಅಲ್ಲಿ ಪೋರ್ತುಗೀಸ ಹೆಸರು, ಇಲ್ಲಿ ನಮ್ಮ ಅಪ್ಪ.

ಹೆಸರಿನ ಈ ವ್ಯತ್ಯಾಸ ಸಣ್ಣದಲ್ಲ. ಅದು ತಿಳಿಯಬೇಕಾದರೆ ಇಲ್ಲೇ ನೆಲದ ಮೇಲೆ ಕುಳಿತು, ಆಗ ಗೋವೆಯನ್ನು ಆಳುತ್ತಿದ್ದ ಪೋರ್ತುಗಲ್ಲಿನ ರಾಜಧಾನಿ ಲಿಸ್ಬನ್ ತನಕ ಹೋಗಿಬರಬೇಕು.

ಅಲ್ಲಿ ಒಬ್ಬ ಪ್ರೊಫೆಸರ್. ಆಂಟೋನಿಯೊ ಸಲಾಜಾರ್. ಹುಡುಗನಾಗಿದ್ದಾಗ ಪಾದ್ರಿಯಾಗಲೆಂದು ವಿಜೆವು ಊರಿನ ಸೆಮಿನರಿಯಲ್ಲಿ ಓದಿದವನು, ಆಮೇಲೆ ಕೊಯಿಂಬ್ರಾದಲ್ಲಿ ಅರ್ಥಶಾಸ್ತ್ರ ಕಲಿಸಿದವನು. 1928ರಲ್ಲಿ ಹಣಕಾಸು ಮಂತ್ರಿ, 1932ರಲ್ಲಿ ಪ್ರಧಾನಿ, 1933ರಲ್ಲಿ ತನ್ನದೇ ಸಂವಿಧಾನ. ದೇವರು, ದೇಶ, ಕುಟುಂಬ: ಈ ಮೂರೇ ಮಾತು ಅವನ ರಾಜ್ಯದ ಮಂತ್ರ. ಹೇಳಿಕೊಳ್ಳುವ ಶತ್ರು ಕಮ್ಯುನಿಸಂ. ನೆರೆಯ ಸ್ಪೇನಿನಲ್ಲಿ 1936ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಬಂಡೆದ್ದ ಜನರಲ್ ಫ್ರಾಂಕೋನ ಬೆನ್ನಿಗೆ ನಿಂತ. 1937ರಲ್ಲಿ ಸ್ಪೇನಿನ ಬಿಷಪ್ಪರು ಒಟ್ಟಾಗಿ ಫ್ರಾಂಕೋನ ಪರ ಪತ್ರ ಬರೆದರು. ಅಲ್ಲಿನ ಎಡಪಂಥೀಯರು ಇಗರ್ಜಿಗಳನ್ನು ಸುಟ್ಟದ್ದು, ಪಾದ್ರಿಗಳನ್ನು ಸಾವಿರಗಟ್ಟಲೆ ಕೊಂದದ್ದು ಸುಳ್ಳಲ್ಲ. ಅವರ ಭಯಕ್ಕೆ ಕಾರಣವಿತ್ತು. ಆದರೆ ಆ ಭಯವನ್ನೇ ಬಂಡವಾಳ ಮಾಡಿಕೊಂಡು ನಾಲ್ಕು ದಶಕ ಗಲ್ಲಾ ಮೇಲೆ ಕುಳಿತವರಿಗೆ ಅದೇ ಕಾರಣ ಎಷ್ಟು ದಿನ ನಡೆದೀತು? ರಾಜಕೀಯ ಕೈದಿಗಳಿಗೆಂದು ಕೇಪ್ ವರ್ಡೆ ದ್ವೀಪಗಳ ತಾರಾಫಾಲ್‌ನಲ್ಲಿ ಕಟ್ಟಿದ ಸೆರೆಮನೆಗೆ ಕಮ್ಯುನಿಸ್ಟರಷ್ಟೇ ಅಲ್ಲ, ಬೇರೆ ವಿರೋಧಿಗಳೂ ಹೋದರು.

1940ರ ಮೇ 7ರಂದು ಸಲಾಜಾರ್ ವ್ಯಾಟಿಕನ್ ಜೊತೆ ಒಪ್ಪಂದ ಮಾಡಿಕೊಂಡ. ಅದರ ಜೊತೆಗೇ ಮಿಷನರಿ ಒಪ್ಪಂದ ಅಂತ ಇನ್ನೊಂದು. ವಸಾಹತುಗಳ ಮಿಷನ್‌ಗಳಿಗೆ ಸರ್ಕಾರ ದುಡ್ಡು ಕೊಡುತ್ತದೆ. ಅಲ್ಲಿನ ಧರ್ಮಾಧ್ಯಕ್ಷರು ಪೋರ್ತುಗೀಸ ಪ್ರಜೆಗಳಾಗಿರಬೇಕು. ದೇವರಿಗೂ ಪಾಸ್‌ಪೋರ್ಟ್ ಬಂತು.

ಈಗ ನೀವು ಕುಳಿತ ಜಾಗಕ್ಕೆ ಬನ್ನಿ. ಬೆಳಗಾವಿ ಸೀಮೆಯ ಕ್ಯಾಥೋಲಿಕರು ಆಗ ಗೋವೆಯ ಆರ್ಚ್‌ಬಿಷಪ್ಪರ ಕೈಕೆಳಗೆ. ಆರ್ಚ್‌ಬಿಷಪ್ಪರು ಪೋರ್ತುಗಲ್‌ನವರು. 1947 ಬಂತು, ಧ್ವಜ ಬದಲಾಯಿತು, ಈ ಲೆಕ್ಕ ಮಾತ್ರ ಬದಲಾಗಲಿಲ್ಲ. ಸ್ವತಂತ್ರ ಭಾರತದ ಬೆಳಗಾವಿಯಲ್ಲಿ ಮೊಣಕಾಲೂರಿದವನ ಧರ್ಮಗುರು ಸಲಾಜಾರ್ ಆಳುವ ನಾಡಿನಲ್ಲಿ. ಕೊನೆಗೆ 1953ರ ಸೆಪ್ಟೆಂಬರ್ 19ರಂದು ಜಗದ್ಗುರು ಪೋಪ್ ಹನ್ನೆರಡನೆಯ ಪಿಯೂಸರು ಬೆಳಗಾವಿಯನ್ನು ಗೋವೆಯಿಂದ ಬಿಡಿಸಿ ಬೇರೆ ಧರ್ಮಪ್ರಾಂತ್ಯ ಮಾಡಿದರು. ಗೋವೆಯ ವಿಮೋಚನೆಗೆ ಇನ್ನೂ ಎಂಟು ವರ್ಷ ಇತ್ತು. ನನ್ನ ಲೆಕ್ಕದಲ್ಲಿ ಈ ಭಾಗದ ಕ್ಯಾಥೋಲಿಕರಿಗೆ ಸ್ವಾತಂತ್ರ್ಯ ಎರಡು ಸಲ ಬಂದಿದೆ.

ಮುಂದಿನದು ನಿಮಗೆ ಗೊತ್ತಿದ್ದದ್ದೇ. 1955ರ ಆಗಸ್ಟ್ 15ರಂದು ಗೋವೆಯ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು, ಇಪ್ಪತ್ತಕ್ಕೂ ಹೆಚ್ಚು ಹೆಣ. ಗೋವೆಯ ವಿಮೋಚನೆಯ ಚಳವಳಿಯೇ ಕ್ರೈಸ್ತಧರ್ಮದ ಮೇಲಿನ ದಾಳಿ ಎಂದು ಲಿಸ್ಬನ್ ಜಗತ್ತಿಗೆ ಸಾರುತ್ತಿತ್ತು. ಆದರೆ ಗೋವೆಯ ರಾಷ್ಟ್ರೀಯತೆಯ ಪಿತಾಮಹ ಎನಿಸಿದ ಟಿ. ಬಿ. ಕುನ್ಹಾ ಹುಟ್ಟಿದ್ದು ಕ್ಯಾಥೋಲಿಕ್ ಮನೆಯಲ್ಲಿ. ಅವರನ್ನು 1946ರಲ್ಲಿ ಹಿಡಿದು ಪೋರ್ತುಗಲ್‌ನ ಪೆನಿಶೆ ಕೋಟೆಗೆ ಒಯ್ದಿದ್ದರು. ನಮ್ಮ ಕ್ಯಾಸಲ್‌ರಾಕ್ ಕಾಡಿನಲ್ಲಿ ಅಡಗಿ ರಹಸ್ಯ ರೇಡಿಯೋದಲ್ಲಿ ಕೊಂಕಣಿ, ಪೋರ್ತುಗೀಸ ಎರಡರಲ್ಲೂ ವಿಮೋಚನೆಯ ಸುದ್ದಿ ಹೇಳಿದವರು ವಾಮನ ಸರ್ದೇಸಾಯಿ ಮತ್ತು ಲಿಬಿಯಾ ಲೋಬೊ. ಹೆಸರು ನೋಡಿದರೇ ಲಿಸ್ಬನ್ನಿನ ವಾದ ಮುರಿದು ಬೀಳುತ್ತದೆ. 1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾದಾಗ, ವಿಮಾನದಿಂದ ಧ್ವನಿವರ್ಧಕದಲ್ಲಿ ಸುದ್ದಿ ಕೂಗಿ ಹೇಳಿದ್ದು ಇದೇ ಲಿಬಿಯಾ.

ದೇಶನೂರಿನಲ್ಲಿ ಪೂಜೆ ಶುರುವಾಗಿದೆ. ಕನ್ನಡದಲ್ಲಿ. ಎರಡನೆಯ ವ್ಯಾಟಿಕನ್ ಮಹಾಸಭೆಯ ಮೊದಲು, ಅಂದರೆ 1960ರ ದಶಕದ ಹಿಂದೆ, ಇದೆಲ್ಲ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಇಳಕಲ್ ಸೀರೆಯ ಅಜ್ಜಿಯೊಬ್ಬಳು ತಲೆ ಮೇಲಿನ ಸೆರಗು ಎಳೆದುಕೊಂಡು, ನಿಮಗೆ ಜಾಗ ಆಗಲೆಂದು ಒಂದಿಷ್ಟು ಪಕ್ಕಕ್ಕೆ ಸರಿಯುತ್ತಾಳೆ. "ಕುಂಡ್ರಿ, ನಿಂತು ಯಾಕ ದಣೀತೀರಿ."

2019ರ ಆಗಸ್ಟ್ ಕೊನೆಯಲ್ಲಿ ಬೆಳಗಾವಿಯ ಧರ್ಮಾಧ್ಯಕ್ಷ ಡೆರೆಕ್ ಫರ್ನಾಂಡಿಸ್ ಇಲ್ಲಿಗೆ ಬಂದು, ಇಲ್ಲಿಯ ರೂಢಿಯಂತೆ ಕಾವಿ ಹೊದ್ದು ಪೂಜೆ ನಡೆಸಿದರು. ಫೋಟೋ ಮೊಬೈಲಿನಿಂದ ಮೊಬೈಲಿಗೆ ಹಾರಿತು. ದೂರದ ಊರುಗಳ ಕ್ಯಾಥೋಲಿಕರಲ್ಲೇ ಕೆಲವರು ಧರ್ಮ ಕೆಟ್ಟಿತೆಂದು ಕೂಗಾಡಿದರು. ಇನ್ನು ಕೆಲವರಿಗೆ ಕ್ರೈಸ್ತರು ಕಾವಿ ಉಟ್ಟದ್ದೇ ಮೋಸವಾಗಿ ಕಂಡಿತು. ಇಬ್ಬರಿಗೂ ಬೇಕಾದದ್ದು ಒಂದೇ: ಬಟ್ಟೆ ನೋಡಿ ದೇವರ ದೇಶ ಯಾವುದೆಂದು ಹೇಳಬೇಕು. ಸಲಾಜಾರ್ ಇದ್ದಿದ್ದರೆ ತಲೆದೂಗುತ್ತಿದ್ದ.

ಅವನು 1968ರಲ್ಲಿ ಕಾಯಿಲೆ ಬಿದ್ದ. ಅಧಿಕಾರ ಬೇರೆಯವರ ಕೈಗೆ ಹೋದದ್ದನ್ನು ಅವನಿಗೆ ಯಾರೂ ಹೇಳಲಿಲ್ಲ. ತಾನೇ ಆಳುತ್ತಿದ್ದೇನೆ ಎಂದುಕೊಂಡೇ 1970ರಲ್ಲಿ ಸತ್ತ. ಗೋವೆ ಭಾರತದ್ದೆಂದು ಪೋರ್ತುಗಲ್ ಸಹಿ ಹಾಕಿದ್ದು 1974ರ ಡಿಸೆಂಬರ್ 31ರಂದು, ಅವನ ವ್ಯವಸ್ಥೆ ಬಿದ್ದ ಎಂಟು ತಿಂಗಳ ಮೇಲೆ.

ಕಿತ್ತೂರು ಕೋಟೆ ನೋಡಲೆಂದೋ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆಂದೋ ಈ ಕಡೆ ಬಂದರೆ ಅರ್ಧ ದಿನ ಉಳಿಸಿಕೊಂಡು ದೇಶನೂರಿಗೂ ಹೋಗಿ ಬನ್ನಿ. ಮಳೆಗಾಲವಾದರೆ ಹಳೇ ಚಪ್ಪಲಿ ಹಾಕಿಕೊಳ್ಳಿ. ಎರಿಮಣ್ಣು ಸುಲಭಕ್ಕೆ ಬಿಡುವುದಿಲ್ಲ.