ಆ ಅರ್ಧ ಅಂಕ

ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಮಕ್ಕಳು ಮೈಸೂರಿನ ಚೆಸ್ ಟೂರ್ನಿಗೆ ಹೋಗಿ, ತಮಗಿಂತ 200 ರೇಟಿಂಗ್ ಮೇಲಿರುವವರ ಎದುರು ಡ್ರಾ ಮಾಡಿಕೊಂಡು ಬಂದರೆ ಮನೆಯಲ್ಲಿ ಕೇಳುವುದು, “ಗೆದ್ಯಾ ಮಗ, ಸೋತ್ಯಾ?” ಎರಡೂ ಅಲ್ಲ ಎಂದರೆ ಮುಖ ಸಪ್ಪಗಾಗುತ್ತದೆ. ಸಪ್ಪಗಾಗಬೇಡಿ. ಅಷ್ಟು ಅಂತರವಿದ್ದಾಗ ಫಿಡೆ ಲೆಕ್ಕದಲ್ಲಿ ಆ ಮಗುವಿನಿಂದ ನಿರೀಕ್ಷೆ ಬರೀ 0.24 ಅಂಕ, ಸಿಕ್ಕಿದ್ದು 0.5. ಮಗುವಿನ ರೇಟಿಂಗ್ ಏರುತ್ತದೆ, ಎದುರಾಳಿಯದು ಇಳಿಯುತ್ತದೆ.

ಡ್ರಾ ಆಗಿದ್ದು ಹೇಗೆ ಅಂತ ಕೇಳಿ ನೋಡಿ. ಬಿಳಿಯ ಬಳಿ ಬಿಳಿ ಮನೆಗಳ ಒಂಟೆ, ಬಲ ಅಂಚಿನ ಕಾಲಾಳು ಉಳಿದಿವೆ; ಕಪ್ಪಿಗೆ ಒಂಟಿ ರಾಜ. ಆ ರಾಜ ಕಾಲಾಳು ಮುಟ್ಟಬೇಕಾದ ಕಪ್ಪು ಮೂಲೆಗೆ ಹೋಗಿ ಕೂತರೆ ಯಾವ ಗ್ರ್ಯಾಂಡ್‌ಮಾಸ್ಟರಿಗೂ ಎಬ್ಬಿಸಲಾಗದು. ಅದು ಅದೃಷ್ಟವಲ್ಲ, ಕಲಿತ ವಿದ್ಯೆ.

2004ರಲ್ಲಿ ರೇಕ್ಯಾವಿಕ್‌ನಲ್ಲಿ 13ರ ಹುಡುಗ ಕಾರ್ಲ್‌ಸನ್ ಕಾಸ್ಪರೋವ್ ಜೊತೆ ಡ್ರಾ ಮಾಡಿ, ಮುಂದಿನ ಆಟ ಸೋತ. ಜನ ಇವತ್ತಿಗೂ ಹೇಳುವುದು ಆ ಡ್ರಾ ಕಥೆಯನ್ನೇ.

ಚದುರಂಗದ ಕುದುರೆ ನಡೆಗಳಿಗೆ ಹೆಸರಾದ ಮುಮ್ಮಡಿ ಕೃಷ್ಣರಾಜ ಒಡೆಯರ್ 1794ರಲ್ಲಿ ಹುಟ್ಟಿದ್ದು ಶ್ರೀರಂಗಪಟ್ಟಣದಲ್ಲೇ. ಈ ಸೀಮೆಯ ಮಕ್ಕಳಿಗೆ ತಮಗಿಂತ ಬಲವಾದವರ ಎದುರು ಕೂರುವ ಅವಕಾಶ ಊರಲ್ಲೇ ಸಿಗಲಿ ಅನ್ನುವುದು ನನ್ನ ಆಸೆ.