ಪೆನ್ಸಿಲ್ ಸಿಕ್ಕಿಕೊಳ್ಳುವ ಕೂದಲು

2016ರ ಆಗಸ್ಟ್ 27, ಶನಿವಾರ. ದಕ್ಷಿಣ ಆಫ್ರಿಕದ ಪ್ರಿಟೋರಿಯಾ ಬಾಲಕಿಯರ ಹೈಸ್ಕೂಲಿನಲ್ಲಿ ಇವತ್ತು ಮೇಳ. ಚಳಿಗಾಲ ಮುಗಿಯುತ್ತಿದೆ, ಮಳೆಯಿಲ್ಲದ ತಿಂಗಳುಗಳ ಧೂಳು ಮೂಗಿನೊಳಗೆ ಚುರುಗುಟ್ಟುತ್ತದೆ. ನಿನಗೆ ಹದಿಮೂರು. ಸುತ್ತಲೂ ಶಾಲೆಯ ಕೂದಲಿನ ನಿಯಮವನ್ನು ಪ್ರತಿಭಟಿಸಲು ಬಂದ ಕಪ್ಪು ಬಟ್ಟೆಯ ಗೆಳತಿಯರು. ಇವತ್ತು ನೀನು ಕೂದಲನ್ನು ಬಿಗಿದು ಕಟ್ಟಿಲ್ಲ. ಅದು ತನ್ನಿಷ್ಟದಂತೆ ದುಂಡಗೆ ಎದ್ದು ನಿಂತಿದೆ, ಬುಡಕ್ಕೆ ಗಾಳಿಯಾಡುತ್ತಿದೆ.

ಆ ಬುಡ ಏನೇನು ತಡೆದುಕೊಂಡಿಲ್ಲ! ಕೂದಲು ನೇರವಾಗಿಸುವ ಕ್ರೀಮು ಹಚ್ಚಿದೊಡನೆ ಮೂಗಿಗೇರುವ ಘಾಟು, ಹಿಂದೆಯೇ ಉರಿ. ಅಂಥ ಎಷ್ಟೋ ಕ್ರೀಮುಗಳಲ್ಲಿರುವುದು ಕಾಸ್ಟಿಕ್ ಸೋಡಾ. "ಇನ್ನೆರಡೇ ನಿಮಿಷ, ತಡಕೋ ಮಗಳೇ" ಎನ್ನುತ್ತಾಳೆ ಅಮ್ಮ. ತಡೆದುಕೊಂಡರೆ ನೆತ್ತಿಯಲ್ಲಿ ಹಕ್ಕಳೆ. ಇಲ್ಲವೆಂದರೆ ತರಗತಿಯಲ್ಲಿ ಎಲ್ಲರೆದುರು ಎಬ್ಬಿಸಿ ನಿಲ್ಲಿಸುತ್ತಾರೆ: ತಲೆ ಅಚ್ಚುಕಟ್ಟಾಗಿಲ್ಲ. ಯಾರ ತಲೆ ನೋಡಿ ಗೊತ್ತುಮಾಡಿದ ಅಚ್ಚುಕಟ್ಟು ಇದು? 1902ರಲ್ಲಿ, ಬೋಯರ್ ಯುದ್ಧ ಮುಗಿದ ವರ್ಷ, ಬ್ರಿಟಿಷರ ಆಳ್ವಿಕೆಯಲ್ಲಿ ಬಿಳಿಯ ಹುಡುಗಿಯರಿಗೆಂದು ತೆರೆದ ಶಾಲೆ. ನಿನ್ನಂಥ ಕಪ್ಪು ಹುಡುಗಿಯರನ್ನು ಒಳಗೆ ಬಿಟ್ಟದ್ದು ವರ್ಣಭೇದ ನೀತಿಯ ಕೊನೆಗಾಲದಲ್ಲಿ.

ಅಜ್ಜಿ ಹೇಳಿದ ಪೆನ್ಸಿಲ್ ನೆನಪಾಗುತ್ತದೆ. 1950ರ ಜನಸಂಖ್ಯಾ ನೋಂದಣಿ ಕಾಯ್ದೆ ಪ್ರತಿಯೊಬ್ಬರಿಗೂ ಒಂದು ಜನಾಂಗವನ್ನು ಬರೆದುಕೊಟ್ಟಿತು. ಅನುಮಾನ ಬಂದವರ ಕೂದಲೊಳಗೆ ಪೆನ್ಸಿಲ್ ತೂರಿಸಿ ನೋಡುತ್ತಿದ್ದರು. ಜಾರಿ ಬಿದ್ದರೆ ಬಿಳಿಯರ ಸಾಲು, ಸಿಕ್ಕಿಕೊಂಡರೆ ಇಲ್ಲ. ಮನೆ, ಶಾಲೆ, ಮದುವೆ, ಎಲ್ಲವೂ ಆ ಒಂದು ಗಳಿಗೆಯ ಮೇಲೆ. ಕಾಯ್ದೆ 1991ರಲ್ಲಿ ರದ್ದಾಯಿತು. ಮಕ್ಕಳ ತಲೆಗೆ ಕೈ ಹಾಕುವ ಅಭ್ಯಾಸ ಶಾಲೆಯಲ್ಲಿ ಉಳಿದುಕೊಂಡಿತು.

ಭಾರವಾದ ಹೆಜ್ಜೆಗಳು. ಕಾವಲು ಸಿಬ್ಬಂದಿ. ಚದುರದಿದ್ದರೆ ಬಂಧನ ಎನ್ನುತ್ತಾರೆ. ಬಾಯಿ ಒಣಗುತ್ತದೆ. ಅಂಗೈ ಬೆವರುತ್ತದೆ. ಶಾಲೆಯಿಂದ ತೆಗೆದುಹಾಕಿದರೆ? ಅಮ್ಮ ದುಡಿದು ಕಟ್ಟಿದ ಫೀಜು? ಹಿಂದೆ ಸರಿದರೆ ಯಾರೂ ಬೈಯುವುದಿಲ್ಲ. ಒಂದೇ ಹೆಜ್ಜೆ, ಗುಂಪಿನಲ್ಲಿ ಕರಗಿಹೋಗಬಹುದು. ಅಷ್ಟರಲ್ಲಿ ನಿನ್ನದೇ ವಯಸ್ಸಿನ ಜುಲೈಕಾ ಪಟೇಲ್ ಎರಡೂ ಕೈ ಮೇಲೆತ್ತಿ, ಮುಷ್ಟಿ ಬಿಗಿದು, ತಲೆಯ ಮೇಲೆ ಅಡ್ಡ ಹಿಡಿಯುತ್ತಾಳೆ. ಕಣ್ಣು ತಗ್ಗಿಸುವುದಿಲ್ಲ. ನಿನ್ನ ಮೊಣಕಾಲು ನಡುಗುತ್ತಿದೆ. ನಡುಗುತ್ತಲೇ ಅವಳ ಪಕ್ಕಕ್ಕೆ ಹೋಗುತ್ತೀಯೆ.

ಸೋಮವಾರ ಗೌಟೆಂಗ್ ಪ್ರಾಂತ್ಯದ ಶಿಕ್ಷಣದ ಹೊಣೆ ಹೊತ್ತ ಪನ್ಯಾಜಾ ಲೆಸುಫಿ ಶಾಲೆಗೇ ಬರುತ್ತಾರೆ. ಹುಡುಗಿಯರು ಒಬ್ಬೊಬ್ಬರಾಗಿ ಹೇಳುತ್ತಾರೆ: ಕೂದಲಿಗೆ ಬಿದ್ದ ಬೈಗುಳ, ತಾಯ್ನುಡಿಯಲ್ಲಿ ಮಾತಾಡಿದ್ದಕ್ಕೆ ಬಿದ್ದ ಬೈಗುಳ. ಕೆಲವರು ಅಳುತ್ತಾರೆ. ನಿನ್ನ ಸರದಿ ಬಂದಾಗ ಗಂಟಲು ಕಟ್ಟುತ್ತದೆ, ಆದರೂ ಆ ಕ್ರೀಮಿನ ಉರಿಯಿಂದಲೇ ಶುರುಮಾಡುತ್ತೀಯೆ. ಕೂದಲಿನ ನಿಯಮವನ್ನು ತಡೆಹಿಡಿಯಬೇಕು, ದೂರುಗಳ ತನಿಖೆ ಆಗಬೇಕು ಎಂದು ತೀರ್ಮಾನವಾಗುತ್ತದೆ.